ಮೈಯೊಳಗಿನ ಕಣಜ

ಅತ್ತೆಯ ಕಂಬಳಿಗೆ ನನಗಿಂತ ಹೆಚ್ಚು ವಯಸ್ಸು. ಅವರ ಮಾವನವರು ಶನಿವಾರಸಂತೆಯಲ್ಲಿ ಕೊಂಡು ತಂದದ್ದಂತೆ. ನಾಟಿಯ ಕಾಲಕ್ಕೆ ಕೊಪ್ಪೆ ಹಾಕಿಕೊಂಡು ಗದ್ದೆಗಿಳಿಯಲು ಅದೇ, ಚಳಿಜ್ವರ ಬಂದರೆ ಹೊದೆಯಲು ಅದೇ, ಮೈಗೆ ಪಿತ್ತದ ಗಂಧೆ ಎದ್ದರೆ ಉಜ್ಜಲೂ ಅದೇ.

2009ರ ಜೂನ್ ತಿಂಗಳ ಕೊನೆಯ ವಾರ. ಕೊಡಗಿನ ಶಾಂತಳ್ಳಿ ಕಡೆಯ ಮಳೆ ಕಂಡವರಿಗೆ ಅದನ್ನು ವಿವರಿಸಬೇಕಿಲ್ಲ. ಹೆಂಚಿನ ಮೇಲೆ ಒಮ್ಮೆ ಶುರುವಾದ ಸದ್ದು ವಾರಗಟ್ಟಲೆ ನಿಲ್ಲುವುದಿಲ್ಲ. ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲೂ ಬಟ್ಟೆ ಒಣಗುವುದಿಲ್ಲ. ಶಾಲೆಯಲ್ಲಿ ಪಾಠ ಮುಗಿಸಿ ತೊಯ್ದು ಬಂದವಳು ಹಂಡೆಯ ಬಿಸಿನೀರನ್ನು ಸುಡುಸುಡು ಹುಯ್ದುಕೊಂಡು, ಒರಟು ಟವೆಲಿನಲ್ಲಿ ಗಸಗಸ ಒರೆಸಿಕೊಂಡು ಬಚ್ಚಲಿನಿಂದ ಹೊರಬಂದೆ. ಐದು ನಿಮಿಷ ಆಗಿರಲಿಕ್ಕಿಲ್ಲ, ತೊಡೆ, ಹೊಟ್ಟೆ, ಬೆನ್ನು ಉರಿಯತೊಡಗಿತು. ಆ ವರ್ಷದ ಬೇಸಿಗೆಯಿಂದ ಮೈಮೇಲೆ ಅಲ್ಲಲ್ಲಿ ಕಂದು ಮಚ್ಚೆಗಳು ಕಾಣಿಸಿಕೊಳ್ಳುತ್ತಿದ್ದವು. ಹುರಿಗಡಲೆಯಷ್ಟು ದೊಡ್ಡವು, ನೋವಿಲ್ಲ ಏನಿಲ್ಲ. ಅವೇ ಮಚ್ಚೆಗಳು ಈಗ ಕೆಂಪಾಗಿ ಊದಿಕೊಂಡು ನಿಂತಿದ್ದವು.

"ಪಿತ್ತದ ಗಂಧೆ ಕಣವ್ವ, ಕಂಬಳೀಲಿ ಉಜ್ಜಿದ್ರೆ ಇಳ್ದೋಯ್ತದೆ" ಅಂದರು ಅತ್ತೆ. ಒಲೆಯ ಮುಂದೆ ಕೂರಿಸಿ, ಕಂಬಳಿಯನ್ನು ಮುದ್ದೆ ಮಾಡಿ, ಬೆನ್ನಿನಿಂದ ಸೊಂಟದವರೆಗೆ ಉಜ್ಜಿದರು. ಅವರ ಕೈಯಲ್ಲಿ ಅಕ್ಕರೆ ಬಿಟ್ಟರೆ ಬೇರೇನೂ ಇರಲಿಲ್ಲ. ಉಜ್ಜಿದಷ್ಟೂ ಗಂಧೆ ಏರಿತು. ಒಂದಕ್ಕೊಂದು ಕೂಡಿಕೊಂಡು ಬೆನ್ನೆಲ್ಲ ಒಂದೇ ಹಪ್ಪಳವಾಯಿತು. ಅತ್ತೆ ಹೆದರಿ ಕೈಬಿಟ್ಟರು. ಆ ರಾತ್ರಿ ನಾನು ಸಿಮೆಂಟಿನ ನೆಲದ ಮೇಲೆ ಬರಿ ಬೆನ್ನು ಹಾಕಿ ಮಲಗಿದೆ. ತಣ್ಣಗಿನ ನೆಲವೊಂದೇ ಆಗ ಸಹ್ಯವಾಗಿದ್ದದ್ದು.

ತುರಿಕೆಯ ಬಗ್ಗೆ ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ನೋವಿಗೆ ನಮ್ಮಲ್ಲಿ ಮರ್ಯಾದೆ ಇದೆ. ತಲೆನೋವು, ಸೊಂಟನೋವು ಅಂದರೆ ಒಂದು ಲೋಟ ನೀರಾದರೂ ತಂದುಕೊಡುತ್ತಾರೆ. ತುರಿಕೆ ಅಂದರೆ "ಸ್ನಾನ ಸರಿಯಾಗಿ ಮಾಡ್ತೀರಾ?" ಎಂಬ ಪ್ರಶ್ನೆ ಬರುತ್ತದೆ. ಬಾಯಲ್ಲಿ ಕೇಳದಿದ್ದರೆ ಕಣ್ಣಲ್ಲಾದರೂ ಬರುತ್ತದೆ. ಆರು ವರ್ಷ ಆ ಕಣ್ಣುಗಳನ್ನು ನೋಡಿದ್ದೇನೆ. ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರು ಸೆರಗು ಎಳೆದುಕೊಂಡದ್ದು, ದೂರದ ನೆಂಟರೊಬ್ಬರು ನಮ್ಮ ಯಜಮಾನರನ್ನು ಅಂಗಳದ ಮೂಲೆಗೆ ಕರೆದು "ಕುಷ್ಠ ಅಲ್ಲ ತಾನೆ?" ಎಂದು ಕೇಳಿದ್ದು. ಇವರು ನನಗೆ ಆ ಮಾತನ್ನು ಎರಡು ವರ್ಷ ಹೇಳಲೇ ಇಲ್ಲ.

ಆ ಆರು ವರ್ಷ ಏನೇನು ಮಾಡಿದೆವೋ. ಬೇವಿನ ಸೊಪ್ಪು ಕುದಿಸಿದ ನೀರು. ಪುನರ್ಪುಳಿ ಸಾರು, ದಿನಕ್ಕೆ ಎರಡು ಹೊತ್ತು. ಹುಳುಕಡ್ಡಿಗೆ ಹಚ್ಚುವ ಮುಲಾಮು, ಕಜ್ಜಿಗೆ ಹಚ್ಚುವ ಲೋಷನ್. ಬದನೆ ಬಿಟ್ಟೆ, ಮೊಟ್ಟೆ ಬಿಟ್ಟೆ, ಹಂದಿಮಾಂಸ ಬಿಟ್ಟೆ, ಸಿಗಡಿ ಬಿಟ್ಟೆ. ಕೊನೆಗೆ ಅನ್ನ ಮಜ್ಜಿಗೆಗೆ ಬಂದು ನಿಂತೆ, ತುರಿಕೆ ಮಾತ್ರ ನಿಲ್ಲಲಿಲ್ಲ. ಹತ್ತಿರದ ಒಬ್ಬ ವೈದ್ಯರು ತೀರಾ ಏರಿದಾಗ ಒಂದು ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಿದ್ದರು. ನಾಲ್ಕು ದಿನ ಸ್ವರ್ಗ, ಐದನೆಯ ದಿನ ಮತ್ತೆ ಅದೇ. ಇನ್ನೊಬ್ಬರು ನನ್ನ ಮುಖ ನೋಡದೆಯೇ, ಜೊತೆಗಿದ್ದ ಇವರಿಗೆ, "ಟೆನ್ಶನ್ ಮಾಡ್ಕೋತಾರೆ, ಮನಸ್ಸಿನದು" ಎಂದರು. ಆ ದಿನ ವಾಪಸು ಬರುವಾಗ ಬಸ್ಸಿನಲ್ಲಿ ನಾನು ಒಂದು ಮಾತೂ ಆಡಲಿಲ್ಲ. ಅವರು ಹೇಳಿದ್ದು ನಿಜವಿರಬಹುದೇ ಎಂದು ನನಗೇ ಅನುಮಾನ ಹುಟ್ಟಿತ್ತು. ಅದು ಎಲ್ಲಕ್ಕಿಂತ ಕೆಟ್ಟ ಭಾಗ.

ಎಲ್ಲರೂ ಬರೆದುಕೊಡುತ್ತಿದ್ದ ಒಂದು ಮಾತ್ರೆ ಇತ್ತು: ಏವಿಲ್. ಔಷಧದ ಹೆಸರು ಫೆನಿರಮಿನ್. ತುರಿಕೆ ಬಂದಾಗ ಒಂದು ನುಂಗಿ ಎನ್ನುತ್ತಿದ್ದರು. ನಾನು ಹಾಗೇ ಮಾಡುತ್ತಿದ್ದೆ. ಮೈಯೆಲ್ಲ ಎದ್ದ ಮೇಲೆ ನುಂಗುವುದು, ಅದು ಕೆಲಸ ಶುರುಮಾಡುವ ಹೊತ್ತಿಗೆ ತುರಿಕೆ ತಾನೇ ಇಳಿಯುತ್ತಿತ್ತು, ಆಮೇಲೆ ಉಳಿಯುತ್ತಿದ್ದದ್ದು ಬರೀ ನಿದ್ದೆ. ಒಂಬತ್ತನೇ ತರಗತಿಗೆ ಹಳಗನ್ನಡ ಪದ್ಯ ಬಿಡಿಸಿ ಹೇಳುತ್ತಾ ಕಪ್ಪುಹಲಗೆಗೆ ಹಣೆ ತಗುಲಿಸಿ ನಿಂತುಬಿಟ್ಟಿದ್ದೆ ಒಂದು ದಿನ. ಎಷ್ಟು ಹೊತ್ತೋ ಗೊತ್ತಿಲ್ಲ. ಮಕ್ಕಳು ಉಸಿರೆತ್ತಿರಲಿಲ್ಲ, ಮುಂದಿನ ಬೆಂಚಿನ ಹುಡುಗಿ ಎದ್ದು ಬಂದು ಕೈ ಹಿಡಿದುಕೊಂಡಳು. ಅದೇ ಸಂಜೆ ಮಂಜು ಕವಿದ ತಿರುವಿನಲ್ಲಿ ಸ್ಕೂಟರು ಚರಂಡಿಯ ಅಂಚಿಗೆ ಬಂದು ನಿಂತಿತು. ಏವಿಲ್ ಬಿಟ್ಟೆ. ಮಾತ್ರೆಗಳೆಲ್ಲ ಇಷ್ಟೇ ಎಂದು ತೀರ್ಮಾನಿಸಿಬಿಟ್ಟೆ.

ಆ ತೀರ್ಮಾನ ತಪ್ಪು ಎಂದು ತಿಳಿಯಲು 2015ರ ಮಾರ್ಚ್ ಬರಬೇಕಾಯಿತು.

ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು ದಾಟಿ ಮೈಸೂರಿಗೆ ಹೋಗಿ ಚರ್ಮದ ವೈದ್ಯೆಯೊಬ್ಬರ ಮುಂದೆ ಕೂತೆವು. ವಯಸ್ಸಾದವರು, ಮೆಲುಮಾತಿನವರು. ಕಥೆಯೆಲ್ಲ ಕೇಳಿ, "ಒಂದು ಮಚ್ಚೆ ತೋರಿಸಮ್ಮ" ಎಂದರು. ಮುಂಗೈ ಮೇಲಿನದೊಂದನ್ನು ತೋರಿಸಿದೆ. ಪೆನ್ನಿನ ಹಿಂಬದಿಯಿಂದ ಅದರ ಮೇಲೆ ಐದಾರು ಸಲ ಗೀಚಿದರು. ಗಡಿಯಾರ ನೋಡಿಕೊಂಡು ಸುಮ್ಮನೆ ಕೂತರು. ಎರಡು ಮೂರು ನಿಮಿಷದಲ್ಲಿ ಆ ಮಚ್ಚೆ ಊದಿ ದಪ್ಪವಾಯಿತು, ಸುತ್ತ ಕೆಂಪಾಯಿತು. ಪಕ್ಕದ ಬರಿ ಚರ್ಮದ ಮೇಲೂ ಅಷ್ಟೇ ಗೀಚಿದ್ದರು, ಅಲ್ಲಿ ಏನೂ ಆಗಿರಲಿಲ್ಲ.

"ಇದಕ್ಕೆ ಡೇರಿಯರ್ ಚಿಹ್ನೆ ಅಂತಾರೆ. ಉಜ್ಜಿದರೆ ಏಳುತ್ತೆ" ಎಂದರು.

ನನಗೆ ಕಂಬಳಿ ನೆನಪಾಯಿತು. ಆರು ವರ್ಷದ ಹಿಂದೆಯೇ ನಮ್ಮ ಅಡುಗೆಮನೆಯ ಒಲೆಯ ಮುಂದೆ ಈ ಪರೀಕ್ಷೆ ಬೆನ್ನಗಲ ನಡೆದುಹೋಗಿತ್ತು. ಫಲಿತಾಂಶ ಓದಬಲ್ಲವರು ಅಲ್ಲಿರಲಿಲ್ಲ, ಅಷ್ಟೇ.

ತೊಡೆಯಿಂದ ಕಡಲೆಕಾಳಿನಷ್ಟು ಚರ್ಮ ತೆಗೆದು ಬಯಾಪ್ಸಿಗೆ ಕಳಿಸಿದರು. ರಕ್ತದಲ್ಲಿ ಟ್ರಿಪ್ಟೇಸ್ ಎಂಬುದರ ಮಟ್ಟ ನೋಡಿದರು. ಒಂದು ಮಿಲಿಲೀಟರಿಗೆ 20 ನ್ಯಾನೋಗ್ರಾಂ ದಾಟಿದರೆ ಮುಂದೆ ನೋಡಬೇಕು ಎಂದಿದ್ದರು, ನನ್ನದು 31 ಇತ್ತು. ಆಮೇಲೆ ಎಲುಬಿನ ಮಜ್ಜೆಯ ಪರೀಕ್ಷೆಯೂ ಆಯಿತು. ಕಾಯಿಲೆಯ ಹೆಸರು ಮ್ಯಾಸ್ಟೊಸೈಟೋಸಿಸ್. ಚರ್ಮದ ಮೇಲೆ ಕಾಣುವ ಮಚ್ಚೆಗಳ ಹಳೆಯ ಹೆಸರು ಅರ್ಟಿಕೇರಿಯಾ ಪಿಗ್ಮೆಂಟೋಸಾ. ನನಗಿರುವುದು ನಿಧಾನಗತಿಯ ಬಗೆ, ದೊಡ್ಡವರಲ್ಲಿ ಹೆಚ್ಚಾಗಿ ಕಾಣುವುದು ಇದೇ, ಆಯಸ್ಸನ್ನು ಅಷ್ಟಾಗಿ ಕಡಿಮೆ ಮಾಡುವಂಥದ್ದಲ್ಲ. ವೈದ್ಯೆ ಇದನ್ನು ಹೇಳುವಾಗ ನನಗೆ ಅಳು ಬಂತು. ಕಾಯಿಲೆ ಇದೆ ಎಂದದ್ದಕ್ಕೆ ಅಲ್ಲ, ಅದಕ್ಕೊಂದು ಹೆಸರಿದೆ ಎಂದದ್ದಕ್ಕೆ.

ಕನ್ನಡ ಮೇಷ್ಟ್ರಿಗೆ ಹೆಸರು ಸಿಕ್ಕರೆ ಅದರ ಮೂಲ ಹುಡುಕದೆ ನಿದ್ದೆ ಬರುವುದಿಲ್ಲ. ಅರ್ಟಿಕೇರಿಯಾ ಎಂಬ ಮಾತು ಲ್ಯಾಟಿನ್ನಿನ ಅರ್ಟಿಕಾದಿಂದ ಬಂದದ್ದು. ಅರ್ಟಿಕಾ ಅಂದರೆ ತುರಿಕೆ ಗಿಡ. ನಮ್ಮ ತೋಟದ ಬೇಲಿಯಂಚಿನಲ್ಲಿ, ಹಳ್ಳದ ಬದಿಯಲ್ಲಿ ಅದರ ಬಳಗದವು ಬೆಳೆಯುತ್ತವೆ. ಕಾಡಿಗೆ ಸೌದೆಗೆ ಹೋದ ಪ್ರತಿಯೊಂದು ಮಗುವಿಗೂ ಅದರ ಪರಿಚಯವಿದೆ. ಯುರೋಪಿನ ತುರಿಕೆ ಗಿಡದ ಮುಳ್ಳುರೋಮದಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ಇದೆ. ನನ್ನ ಚರ್ಮದೊಳಗಿಂದ ಹೊರಬೀಳುವುದೂ ಅದೇ ಹಿಸ್ಟಮಿನ್. ಹೆಸರಿಟ್ಟವರಿಗೆ ರಸಾಯನಶಾಸ್ತ್ರ ಗೊತ್ತಿರಲಿಲ್ಲ, ಮೈಯ ಅನುಭವ ಗೊತ್ತಿತ್ತು.

ಈ ಮಚ್ಚೆಗಳನ್ನು ಮೊದಲು ಬರೆದಿಟ್ಟವರು ಲಂಡನ್ನಿನ ಎಡ್ವರ್ಡ್ ನೆಟಲ್‌ಶಿಪ್, 1869ರಲ್ಲಿ. ಆಗ ಕಾರಣ ಯಾರಿಗೂ ತಿಳಿದಿರಲಿಲ್ಲ. 1878ರಲ್ಲಿ ಜರ್ಮನಿಯ ಪೌಲ್ ಎರ್ಲಿಕ್ ಎಂಬ ಇಪ್ಪತ್ತನಾಲ್ಕರ ಯುವಕ ಅಂಗಾಂಶಗಳಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ, ಒಳಗೆಲ್ಲ ಕಾಳುಕಾಳು ತುಂಬಿಕೊಂಡ ಕೋಶಗಳನ್ನು ಕಂಡ. ಚೆನ್ನಾಗಿ ಮೇದು ಕೊಬ್ಬಿದ ಕೋಶಗಳಿರಬೇಕು ಎಂದುಕೊಂಡು ಮಾಸ್ಟ್ ಕೋಶ ಎಂದು ಕರೆದ. ಜರ್ಮನ್ ಭಾಷೆಯಲ್ಲಿ ಮಾಸ್ಟ್ ಅಂದರೆ ಪ್ರಾಣಿಗೆ ಮೇವು ಹಾಕಿ ಕೊಬ್ಬಿಸುವುದು. 1887ರಲ್ಲಿ ಉನ್ನಾ ಎಂಬ ಚರ್ಮವೈದ್ಯರು ನನ್ನಂಥವರ ಕಂದು ಮಚ್ಚೆಯೊಳಗೆ ಈ ಕೋಶಗಳೇ ಕಿಕ್ಕಿರಿದಿರುವುದನ್ನು ತೋರಿಸಿದರು.

ಎರ್ಲಿಕ್ ಮೇವು ಎಂದುಕೊಂಡದ್ದು ಮೇವಲ್ಲ, ದಾಸ್ತಾನು. ಹಿಸ್ಟಮಿನ್, ಹೆಪಾರಿನ್, ಟ್ರಿಪ್ಟೇಸ್ ಎಲ್ಲ ಕಾಳಿನ ರೂಪದಲ್ಲಿ ತುಂಬಿಟ್ಟುಕೊಂಡು ಮೈಯ ಗಡಿಗಳಲ್ಲಿ, ಅಂದರೆ ಚರ್ಮ, ಕರುಳು, ಉಸಿರುದಾರಿಗಳಲ್ಲಿ ಕೂರುವ ಕಾವಲು ಕೋಶಗಳು ಇವು. ಹುಳುಹುಪ್ಪಟೆ, ವಿಷ ಒಳಬಂದರೆ ಬಾಯಿ ತೆರೆದು ಸುರಿಯಬೇಕು. ನಾನಾದರೆ ಅವನ್ನು ಕಣಜ ಎನ್ನುತ್ತೇನೆ. ಎಲ್ಲರ ಮೈಯಲ್ಲೂ ಇವೆ. ನನ್ನ ಮೈಯಲ್ಲಿ ಲೆಕ್ಕ ಮೀರಿ ಇವೆ, ಮತ್ತು ಬಾಗಿಲ ಚಿಲಕ ಸಡಿಲ. ಕಿಟ್ ಎಂಬ ಜೀನ್‌ನಲ್ಲಿ ಒಂದು ಅಕ್ಷರದಷ್ಟು ತಪ್ಪು ಬಿದ್ದಿದೆ. ಈ ಕಾಯಿಲೆಯ ದೊಡ್ಡವರಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಗೆ ಅದೇ ತಪ್ಪು, ಅದೇ ಜಾಗದಲ್ಲಿ. ಹುಟ್ಟಿನಿಂದ ಬಂದದ್ದಲ್ಲ, ಬೆಳೆದ ಮೇಲೆ ಮೈಯೊಳಗೆ ಎಲ್ಲೋ ಒಂದು ಕೋಶದಲ್ಲಿ ಆದದ್ದು. ಆದ್ದರಿಂದ ಸಾಮಾನ್ಯವಾಗಿ ಮಕ್ಕಳಿಗೆ ದಾಟುವುದಿಲ್ಲ. ಆಗ ಆರು ವರ್ಷದವನಾಗಿದ್ದ ಮಗನ ಬೆನ್ನನ್ನು ದಿನವೂ ಸಂಜೆ ದೀಪದಲ್ಲಿ ಹಿಡಿದು ನೋಡುತ್ತಿದ್ದ ತಾಯಿಗೆ ಆ ಒಂದು ವಾಕ್ಯ ಎಷ್ಟು ದೊಡ್ಡದೆಂದು ಹೇಗೆ ಹೇಳಲಿ.

ಚೀಟಿಯಲ್ಲಿ ವೈದ್ಯೆ ಬರೆದದ್ದು ಫೆಕ್ಸೊಫೆನಡಿನ್ 180 ಮಿಲಿಗ್ರಾಂ, ದಿನಕ್ಕೊಂದು. ಅದು ಆಂಟಿಹಿಸ್ಟಮಿನ್, ಏವಿಲ್‌ನ ಜಾತಿಯದೇ ಎಂದು ಗೊತ್ತಾದಾಗ ನನ್ನ ಮುಖ ಬಾಡಿತು. ಇಷ್ಟೆಲ್ಲ ಪರೀಕ್ಷೆಯ ಕೊನೆಗೆ ಮತ್ತೆ ನೆಗಡಿ ಮಾತ್ರೆಯೇ? ಅವರು ಅದನ್ನು ಗಮನಿಸಿದರು. "ನೀವು ತಿಂದ ಔಷಧ ತಪ್ಪಲ್ಲ. ತಿಂದ ಹೊತ್ತು ತಪ್ಪು" ಎಂದು ಬಿಡಿಸಿ ಹೇಳಿದರು. ಅವರು ಹೇಳಿದ್ದನ್ನು ನಾನು ನನ್ನ ಮಾತಿನಲ್ಲಿ ಹೇಳುತ್ತೇನೆ, ಏಕೆಂದರೆ ಊರಲ್ಲಿ ಯಾರಾದರೂ ಕೇಳಿದರೆ ನಾನು ಹೇಳುವುದು ಹೀಗೇ.

ಸಂತೆಯ ದಿನ ಸೋಮವಾರಪೇಟೆ ಬಸ್ ನಿಲ್ದಾಣ ನೋಡಿ. ಬಸ್ಸು ಇನ್ನೂ ನಿಂತಿರುವುದಿಲ್ಲ, ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಾರೆ. ಆಮೇಲೆ ಎಷ್ಟು ಜನ ನುಗ್ಗಿದರೂ ಆ ಸೀಟು ಸಿಗುವುದಿಲ್ಲ. ಹಿಸ್ಟಮಿನ್ ಹೊರಬಿದ್ದ ಮಾತ್ರಕ್ಕೆ ತುರಿಕೆ ಆಗುವುದಿಲ್ಲ. ಅದು ನರದ ಮೇಲೆ, ರಕ್ತನಾಳದ ಮೇಲೆ ಇರುವ ಎಚ್1 ಎಂಬ ಸೀಟಿನಲ್ಲಿ ಹೋಗಿ ಕೂರಬೇಕು. ಕೂತರೆ ನಾಳ ಹಿಗ್ಗಿ ಕೆಂಪಾಗುತ್ತದೆ, ನೀರು ಸೋರಿ ಗಂಧೆ ಏಳುತ್ತದೆ, ನರ ತುರಿಕೆ ಎಂದು ಕೂಗುತ್ತದೆ. ಆಂಟಿಹಿಸ್ಟಮಿನ್ ಆ ಸೀಟಿಗೆ ಹಾಕುವ ಟವೆಲ್. ಅಷ್ಟೇ ಅಲ್ಲ, ಸೀಟನ್ನು ಮಡಚಿಯೂ ಇಡುತ್ತದೆ. ಆದರೆ ಜನ ನುಗ್ಗಿ ಕೂತ ಮೇಲೆ ಟವೆಲ್ ಬೀಸಿ ಏನು ಮಾಡುವುದು? ಆರು ವರ್ಷ ನಾನು ಮಾಡಿದ್ದು ಅದನ್ನೇ. ನನ್ನ ಕಣಜಗಳ ಚಿಲಕ ಯಾವ ಹೊತ್ತಿಗೆ ಬಿಚ್ಚುತ್ತದೋ ತಿಳಿಯದು. ಹಾಗಾಗಿ ಸೀಟು ದಿನವೂ ಹಿಡಿದಿರಬೇಕು, ತುರಿಕೆ ಇರಲಿ ಬಿಡಲಿ. ತುರಿಕೆ ಇಲ್ಲದ ದಿನ ನುಂಗುವ ಮಾತ್ರೆಯೇ ನಿಜವಾಗಿ ಕೆಲಸ ಮಾಡುವ ಮಾತ್ರೆ.

ಕಣಜವನ್ನು ಅದು ಮುಚ್ಚುವುದಿಲ್ಲ, ಕೋಶಗಳ ಲೆಕ್ಕವನ್ನು ಇಳಿಸುವುದಿಲ್ಲ, ಮಚ್ಚೆಗಳನ್ನು ಅಳಿಸುವುದೂ ಇಲ್ಲ. ಇದನ್ನು ಅವರು ಮೊದಲ ದಿನವೇ ಹೇಳಿದರು. ಹೇಳಿದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ಮಚ್ಚೆ ಹೋಗಲಿಲ್ಲವೆಂದು ಮೂರನೆಯ ತಿಂಗಳಿಗೆ ಬಿಟ್ಟುಬಿಡುತ್ತಿದ್ದೆ.

ನಿದ್ದೆಯ ಪ್ರಶ್ನೆ ಕೇಳಿದೆ. ಹಿಸ್ಟಮಿನ್‌ಗೆ ಮಿದುಳಿನಲ್ಲೂ ಕೆಲಸವಿದೆ, ನಮ್ಮನ್ನು ಎಚ್ಚರವಾಗಿಡುವುದರಲ್ಲಿ ಅದರ ಪಾಲಿದೆ. ಹಳೆಯ ತಲೆಮಾರಿನ ಏವಿಲ್, ಅಟರಾಕ್ಸ್‌ನಂಥವು ರಕ್ತದಿಂದ ಮಿದುಳಿಗೆ ದಾಟಿ ಅಲ್ಲಿನ ಸೀಟನ್ನೂ ಹಿಡಿದುಬಿಡುತ್ತವೆ. ಕಪ್ಪುಹಲಗೆಗೆ ಹಣೆ ತಗುಲಿಸಿ ನಾನು ನಿಂತದ್ದು ಅದಕ್ಕೆ. ಹೊಸ ತಲೆಮಾರಿನವು ಹೆಚ್ಚು ದಾಟುವುದಿಲ್ಲ, ಫೆಕ್ಸೊಫೆನಡಿನ್ ದಾಟುವುದು ತೀರಾ ಕಡಿಮೆ. ಆಂಟಿಹಿಸ್ಟಮಿನ್ ಎಂಬ ದಾರಿಯನ್ನೇ ತೆರೆದ ಡೇನಿಯಲ್ ಬೋವೆ ಅವರಿಗೆ 1957ರಲ್ಲಿ ನೊಬೆಲ್ ಬಂತು. ಹೊಟ್ಟೆಯಲ್ಲಿ ಆಮ್ಲ ಹೆಚ್ಚಿಸುವ ಎಚ್2 ಎಂಬ ಇನ್ನೊಂದು ಸೀಟಿಗೆ ಟವೆಲ್ ಹಾಕುವುದನ್ನು ಕಂಡುಹಿಡಿದ ಜೇಮ್ಸ್ ಬ್ಲ್ಯಾಕ್ ಅವರು 1988ರ ನೊಬೆಲ್ ಹಂಚಿಕೊಂಡರು. ನನಗೆ ಎದೆಯುರಿ, ಭೇದಿ ಆಗಾಗ ಇರುತ್ತಿತ್ತು, ಅದಕ್ಕೂ ತುರಿಕೆಗೂ ಸಂಬಂಧವಿದೆ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಎರಡೂ ಒಂದೇ ಕಣಜದ ಕಾಳು. ಆ ಎಚ್2 ಸೀಟಿಗೆ ಟವೆಲ್ ಹಾಕುವ ಫೆಮೊಟಿಡಿನ್ ಸೇರಿಸಿದ ಮೇಲೆ ಎದೆಯುರಿ ಇಳಿಯಿತು.

ಮೊದಲ ತಿಂಗಳು ಅರ್ಧ ಗುಣ. ಎರಡನೆಯ ತಿಂಗಳು ಅವರು ಬೆಳಿಗ್ಗೆ ಒಂದು, ರಾತ್ರಿ ಒಂದು ಮಾಡಿದರು. ಹಟಮಾರಿ ಗಂಧೆಗೆ ಹೊಸ ತಲೆಮಾರಿನ ಆಂಟಿಹಿಸ್ಟಮಿನ್‌ಗಳನ್ನು ಮಾಮೂಲಿಗಿಂತ ನಾಲ್ಕು ಪಟ್ಟಿನವರೆಗೂ ಏರಿಸಬಹುದೆಂದು ಅಂತಾರಾಷ್ಟ್ರೀಯ ಮಾರ್ಗಸೂಚಿಯೇ ಇದೆ. ಆದರೆ ಏರಿಸುವವರು ವೈದ್ಯರು. ಮೂತ್ರಪಿಂಡ, ಹೃದಯ, ಬಸಿರು, ಬೇರೆ ಮಾತ್ರೆಗಳು ಎಲ್ಲವನ್ನೂ ನೋಡಿ ಏರಿಸಬೇಕು. ಇದನ್ನು ಓದಿ ನೀವೇ ಏರಿಸಿಕೊಳ್ಳಬೇಡಿ, ಕೈಮುಗಿದು ಕೇಳಿಕೊಳ್ಳುತ್ತೇನೆ.

ಒಂದು ಸಣ್ಣ ವಿಷಯ, ಕೊಡಗಿನವರಿಗೆ ಹೇಳಲೇಬೇಕಾದದ್ದು. ಆ ವರ್ಷ ಕಿತ್ತಳೆಯ ಕಾಲಕ್ಕೆ ಮತ್ತೆ ತುರಿಕೆ ಏರಿತು. ಮಾತ್ರೆ ತಪ್ಪಿಸಿರಲಿಲ್ಲ. ಫೋನಿನಲ್ಲಿ ಕೇಳಿದರೆ ವೈದ್ಯೆಯ ಮೊದಲ ಪ್ರಶ್ನೆ, "ಯಾವುದರ ಜೊತೆ ನುಂಗ್ತೀರಿ?" ತೋಟದಲ್ಲಿ ಮೆಣಸಿನ ಬಳ್ಳಿಯ ನಡುವೆ ಉಳಿದಿರುವ ನಾಲ್ಕು ಕಿತ್ತಳೆ ಮರದ ಹಣ್ಣು ಹಿಂಡಿ, ಅದರ ರಸದ ಜೊತೆ ನುಂಗುತ್ತಿದ್ದೆ. ಕಿತ್ತಳೆ, ಸೇಬು, ಚಕ್ಕೋತದಂಥ ಹಣ್ಣಿನ ರಸ ಫೆಕ್ಸೊಫೆನಡಿನ್ ಕರುಳಿನಿಂದ ರಕ್ತಕ್ಕೆ ಹೋಗುವುದನ್ನು ತಡೆಯುತ್ತದಂತೆ. ನೀರಿನಲ್ಲಿ ನುಂಗಲು ಶುರುಮಾಡಿದೆ, ಹಣ್ಣನ್ನು ಮಧ್ಯಾಹ್ನಕ್ಕೆ ಇಟ್ಟುಕೊಂಡೆ. ವಾರದಲ್ಲಿ ಸರಿಹೋಯಿತು.

ಮಾತ್ರೆಗೆ ಜೊತೆಯಾಗಿ ಬದುಕನ್ನೂ ಸ್ವಲ್ಪ ಹೊಂದಿಸಬೇಕಾಯಿತು. ಚಿಲಕ ಬಿಚ್ಚುವ ಕೈಗಳು ಯಾವುವೆಂದರೆ ಸುಡುವ ನೀರು, ದಿಢೀರ್ ಚಳಿ, ಉಜ್ಜುವುದು, ಮದ್ಯ, ಕೆಲವು ನೋವಿನ ಮಾತ್ರೆಗಳು, ಕೆಲವು ಅರಿವಳಿಕೆ ಔಷಧಗಳು, ಹುಳದ ಕಡಿತ. ಹಂಡೆಯ ಬಿಸಿನೀರು ಬಿಡುವುದು ನನಗೆ ನಿಜಕ್ಕೂ ಕಷ್ಟವಾಯಿತು. ಮಳೆಗಾಲದಲ್ಲಿ ಕಾಫಿ ಗಿಡದ ಒಣಸೌದೆ ಹಾಕಿ ಕಾಯಿಸಿದ ನೀರಿನ ಸುಖ ಗೊತ್ತಿದ್ದವರಿಗೆ ಇದು ಅರ್ಥವಾದೀತು. ಈಗ ಉಗುರುಬೆಚ್ಚಗೆ ಬೆರೆಸಿಕೊಳ್ಳುತ್ತೇನೆ, ಮೆತ್ತನೆಯ ಹಳೇ ಪಂಚೆಯಲ್ಲಿ ಒತ್ತಿ ಒರೆಸುತ್ತೇನೆ. ಹಲ್ಲು ಕೀಳಿಸಲು ಹೋದರೂ ವೈದ್ಯರ ಪತ್ರ ಮುಂದಿಡುತ್ತೇನೆ.

ಹುಳದ ಕಡಿತವನ್ನು ಬೇರೆಯಾಗಿಯೇ ಹೇಳಬೇಕು. ಕನ್ನಡದಲ್ಲಿ ಕಣಜ ಎಂಬ ಮಾತಿಗೆ ಎರಡು ಅರ್ಥ. ಒಂದು ದವಸ ತುಂಬುವ ಕಣಜ, ಇನ್ನೊಂದು ಕುಟುಕುವ ಹುಳ. ಈ ಎರಡು ಕಣಜಗಳು ನನ್ನ ಮೈಯಲ್ಲಿ ಒಂದು ದಿನ ಭೇಟಿಯಾದವು.

2016ರ ಡಿಸೆಂಬರ್, ಅರೇಬಿಕಾ ಕೊಯ್ಲು. ಆಳುಗಳು ಕಡಿಮೆ ಎಂದು ಭಾನುವಾರ ನಾನೂ ಬುಟ್ಟಿ ಕಟ್ಟಿಕೊಂಡು ಇಳಿದಿದ್ದೆ. ಕೊಂಬೆ ಎಳೆದೆ, ಎಲೆಯ ಹಿಂದೆ ಗೂಡಿತ್ತು, ಮುಂಗೈಗೆ ಎರಡು ಕಡೆ ಕುಟುಕಿತು. ತೋಟದಲ್ಲಿ ಇದು ಮಾಮೂಲು, ಸುಣ್ಣ ಹಚ್ಚಿ ಕೆಲಸ ಮುಂದುವರಿಸುತ್ತಾರೆ. ಬೆಳಿಗ್ಗೆ ಮಾತ್ರೆ ನುಂಗಿದ್ದೇನೆ, ಏನಾಗುತ್ತದೆ ಎಂದುಕೊಂಡೆ. ಅಂಗೈ ನವೆ. ಆಮೇಲೆ ಮುಖಕ್ಕೆ ಬೆಂಕಿ ಹಚ್ಚಿದ ಹಾಗೆ. ಹೊಟ್ಟೆ ಹಿಂಡಿತು. ಕಾಫಿ ಗಿಡಗಳೆಲ್ಲ ಮಂಜಿನೊಳಗೆ ಹೋದಂತೆ ಮಸುಕಾದವು, ಆ ದಿನ ಮಂಜೇ ಇರಲಿಲ್ಲ. ಇವರು ನನ್ನನ್ನು ಅಲ್ಲೇ ತರಗೆಲೆಯ ಮೇಲೆ ಮಲಗಿಸಿ, ಕಾಲನ್ನು ಹಣ್ಣಿನ ಚೀಲದ ಮೇಲೆತ್ತಿಟ್ಟರಂತೆ. ನನಗೆ ನೆನಪಿಲ್ಲ. ಆಮೇಲೆ ಜೀಪಿನ ಹಿಂದಿನ ಸೀಟು, ಆಸ್ಪತ್ರೆಯ ಬಾಗಿಲು, ತೊಡೆಗೆ ಅಡ್ರಿನಲಿನ್ ಸೂಜಿ. ಕೆಲವೇ ನಿಮಿಷದಲ್ಲಿ ಲೋಕ ಮತ್ತೆ ತಿಳಿಯಾಯಿತು.

ಆಂಟಿಹಿಸ್ಟಮಿನ್ ತುರಿಕೆಗೆ ದೊಡ್ಡ ಔಷಧ, ಆದರೆ ರಕ್ತದೊತ್ತಡ ಕುಸಿಯುವಾಗ, ಉಸಿರು ಕಟ್ಟುವಾಗ ಅದು ಜೀವ ಉಳಿಸುವುದಿಲ್ಲ. ಆ ಹೊತ್ತಿಗೆ ಅಡ್ರಿನಲಿನ್ ಒಂದೇ. ಮಾತ್ರೆ ನುಂಗಿ ಕಾದು ನೋಡೋಣ ಎನ್ನುವುದು ಆ ಗಳಿಗೆಯಲ್ಲಿ ಅಪಾಯ. ಹೊರದೇಶಗಳಲ್ಲಿ ಪೆನ್ನಿನ ಹಾಗೆ ತೊಡೆಗೆ ಒತ್ತಿಕೊಳ್ಳುವ ಸಾಧನವಿದೆ. ನನ್ನ ಡಬ್ಬಿಯಲ್ಲಿರುವುದು ಗಾಜಿನ ಆಂಪೂಲ್, ಸಿರಿಂಜು ಮತ್ತು ವೈದ್ಯೆ ಬರೆದುಕೊಟ್ಟ ಪ್ರಮಾಣ. ಇವರೂ ಮಗನೂ ನೀರು ತುಂಬಿದ ಸಿರಿಂಜನ್ನು ಕಿತ್ತಳೆಗೆ ಚುಚ್ಚಿ ಕಲಿತಿದ್ದಾರೆ. ಆಂಪೂಲಿನ ಕತ್ತು ಮುರಿಯುವಾಗ ಮೊದಲ ಸಲ ಇವರ ಕೈ ನಡುಗಿದ್ದನ್ನು ನಾನು ನೋಡಿದೆ.

ದಿನವೂ ಮಾತ್ರೆ ಎಂಬುದನ್ನು ಅತ್ತೆ ಒಪ್ಪಲು ಬಹಳ ಕಾಲ ಬೇಕಾಯಿತು. ಅವರ ಲೋಕದಲ್ಲಿ ಮದ್ದು ಅಂದರೆ ಕಾಯಿಲೆ ಹೋಗಲಾಡಿಸುವುದು, ಹೋದ ಮೇಲೆ ನಿಲ್ಲಿಸುವುದು. ಮಡಿಕೇರಿ ಕಡೆಗೆ ಕೊಟ್ಟಿರುವ ನಾದಿನಿ ಪ್ರತಿ ವರ್ಷ ಆಗಸ್ಟ್ 3ಕ್ಕೆ, ಕೊಡವರ ಕಕ್ಕಡ ತಿಂಗಳ ಹದಿನೆಂಟರಂದು, ಮದ್ದುಸೊಪ್ಪಿನ ಪಾಯಸ ಮಾಡುತ್ತಾಳೆ. ನೇರಳೆ ಬಣ್ಣದ, ಗಮ್ಮೆನ್ನುವ ಪಾಯಸ. ಆ ಸೊಪ್ಪಿಗೆ ಆ ದಿನ ಹದಿನೆಂಟು ಬಗೆಯ ಮದ್ದು ಸೇರುತ್ತದೆ ಎಂಬ ನಂಬಿಕೆ. "ಒಂದು ದಿನ ತಿಂದ್ರೆ ವರ್ಷಕ್ಕಾಯ್ತದೆ. ನಿಂದೇನವ್ವ, ವರ್ಷವೆಲ್ಲ ತಿಂದ್ರೂ ಒಂದು ದಿನಕ್ಕೇ ಆಗೋದು" ಎಂದರು ಒಮ್ಮೆ. ಮೂದಲಿಸಿದ್ದಲ್ಲ, ಕರುಳು ಕಿವುಚಿ ಆಡಿದ ಮಾತು. ನನ್ನ ಬಳಿ ಅದಕ್ಕೆ ಉತ್ತರ ಇರಲಿಲ್ಲ. ಆ ಪಾಯಸವನ್ನು ನಾನೂ ಪ್ರೀತಿಯಿಂದ ಉಣ್ಣುತ್ತೇನೆ, ರಾತ್ರಿ ಮಾತ್ರೆಯನ್ನೂ ನುಂಗುತ್ತೇನೆ.

ಅವರಿಗೆ ಉತ್ತರ ಕೊಟ್ಟದ್ದು 2018ರ ಆಗಸ್ಟ್.

ಆ ಮಳೆಯ ಬಗ್ಗೆ ಕೊಡಗಿನಲ್ಲಿ ಈಗಲೂ ಜನ ತಗ್ಗಿದ ದನಿಯಲ್ಲೇ ಮಾತಾಡುತ್ತಾರೆ. ಗುಡ್ಡಗಳು ಕಾಫಿ ಗಿಡಗಳ ಸಮೇತ ಇಳಿದುಬಂದವು. ನಮ್ಮ ಮನೆ ಉಳಿಯಿತು, ದಾರಿ ಉಳಿಯಲಿಲ್ಲ. ಕರೆಂಟಿಲ್ಲ, ಫೋನಿಲ್ಲ. ಮೇಲಿನ ಮನೆಯ ಎರಡು ಸಂಸಾರಗಳು ನಮ್ಮಲ್ಲೇ ಉಳಿದಿದ್ದವು. ಊರಿಗೆ ಊರೇ ತಲ್ಲಣಿಸುವಾಗ ನನ್ನ ಮಾತ್ರೆಯ ಪಟ್ಟಿಯಲ್ಲಿ ಎರಡೇ ಉಳಿದಿವೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಜೀವ ಕಳೆದುಕೊಂಡವರ ಸುದ್ದಿ ಬರುತ್ತಿದೆ, ನನ್ನದು ತುರಿಕೆ. ಹಾಗೆಂದು ಸುಮ್ಮನಾದೆ.

ಮಾತ್ರೆ ಮುಗಿದ ಮರುದಿನ ಅಷ್ಟೇನಿಲ್ಲ. ಮೂರನೆಯ ರಾತ್ರಿ ಮೂರು ವರ್ಷದ ಹಿಂದಿನ ಮೈ ಹಾಗೇ ವಾಪಸು ಬಂತು. ಹಜಾರದಲ್ಲಿ ಹನ್ನೆರಡು ಜನ ಮಲಗಿದ್ದರು. ನಾನು ಎದ್ದು ಬಚ್ಚಲಿನ ಕಲ್ಲಿನ ಮೇಲೆ ಹೋಗಿ ಕೂತೆ. ಕೆರೆದುಕೊಳ್ಳಬಾರದೆಂದು ಎರಡೂ ಕೈಯನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡಿದ್ದೆ. ಬುಡ್ಡಿದೀಪ ಹಿಡಿದು ಅತ್ತೆ ಬಂದರು. ಬೆನ್ನು ನೋಡಿದರು. ಏನೂ ಕೇಳಲಿಲ್ಲ. ತಣ್ಣೀರಿನಲ್ಲಿ ಬಟ್ಟೆ ಅದ್ದಿ, ಹಿಂಡಿ, ಬೆನ್ನ ಮೇಲೆ ಹಾಸಿದರು. ಉಜ್ಜಲಿಲ್ಲ. ಬಿಸಿಯಾದಾಗ ತೆಗೆದು, ಮತ್ತೆ ಅದ್ದಿ, ಮತ್ತೆ ಹಾಸಿದರು. ಬೆಳಗಿನವರೆಗೂ.

"ಆ ಗುಳಿಗೆ ಇಷ್ಟು ದಿನ ಇದನ್ನ ಹಿಡ್ಕಂಡಿತ್ತಾ?" ಎಂದರು ಯಾವಾಗಲೋ.

ನಾಲ್ಕನೆಯ ದಿನ ಪರಿಹಾರದ ಸಾಮಾನು ಹೊತ್ತು ನಡೆದುಬಂದ ಹುಡುಗರ ಕೈಯಲ್ಲಿ ಇವರು ಚೀಟಿ ಕೊಟ್ಟು ಕಳಿಸಿದರು. ಐದನೆಯ ದಿನ ಸಂಜೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಎರಡು ಪಟ್ಟಿ ಬಂತು. ತಂದ ಹುಡುಗನ ಹೆಸರನ್ನೂ ನಾನು ಕೇಳಲಿಲ್ಲ. ಆ ಗಡಿಬಿಡಿಯಲ್ಲಿ ಕೇಳದೆ ಹೋದದ್ದು ಈಗಲೂ ಮನಸ್ಸಿನಲ್ಲಿದೆ.

ಹೊಸ ಔಷಧಗಳು ಬರುತ್ತಿವೆ. ಆ ಕಿಟ್ ಜೀನಿನ ತಪ್ಪಿಗೇ ನೇರವಾಗಿ ಕೈಹಾಕುವ ಅವಾಪ್ರಿಟಿನಿಬ್‌ಗೆ 2023ರಲ್ಲಿ ಅಮೆರಿಕದಲ್ಲಿ, ನನ್ನಂಥ ನಿಧಾನಗತಿಯವರಿಗೂ ಒಪ್ಪಿಗೆ ಸಿಕ್ಕಿದೆ. ನನಗೆ ಸದ್ಯಕ್ಕೆ ಅದರ ಅಗತ್ಯವಿಲ್ಲ ಎಂದು ವೈದ್ಯೆ ಹೇಳುತ್ತಾರೆ, ನಾನು ನಂಬುತ್ತೇನೆ. ಎಲುಬು ಸವೆಯುವ ಸಾಧ್ಯತೆ ಈ ಕಾಯಿಲೆಯಲ್ಲಿ ಇರುವುದರಿಂದ ಅದರ ಪರೀಕ್ಷೆಯೂ ಆಗಾಗ ಆಗುತ್ತದೆ. ಮಚ್ಚೆಗಳು ಹಾಗೇ ಇವೆ, ಕೆಲವು ಹೊಸದಾಗಿ ಬಂದಿವೆ. ಉದ್ದ ತೋಳಿನ ರವಿಕೆ ಹಾಕುವುದನ್ನು ನಾನು ಬಿಟ್ಟಿದ್ದೇನೆ. ಹೋದ ವರ್ಷ ಎಂಟನೇ ತರಗತಿಯ ಹುಡುಗನೊಬ್ಬ "ಮಿಸ್, ಅದು ಅಂಟುತ್ತಾ?" ಎಂದು ನೇರವಾಗಿ ಕೇಳಿದ. ಹತ್ತಿರ ಕರೆದು ಮುಂಗೈ ಮುಟ್ಟಿಸಿ, ಇಲ್ಲ ಎಂದೆ. ಅವನ ತಂಗಿಗೂ ಹುಟ್ಟಿದ ವರ್ಷದಿಂದ ಇಂಥವೇ ಮಚ್ಚೆಗಳಿವೆಯಂತೆ, ಅಮ್ಮ ಯಾರಿಗೂ ತೋರಿಸುವುದಿಲ್ಲವಂತೆ. ತೋಟದ ಆಳುಗಳ ಲೈನ್ ಮನೆಗೆ ಹೋಗಿ ಆ ತಾಯಿಯ ಜೊತೆ ಕೂತು ಮಾತಾಡಿದೆ. ಮಕ್ಕಳಲ್ಲಿ ಇದು ಬಹುಪಾಲು ದೊಡ್ಡವರಾಗುವ ಹೊತ್ತಿಗೆ ತಾನೇ ಮಾಯುತ್ತದೆ, ಆದರೆ ವೈದ್ಯರು ಒಮ್ಮೆ ನೋಡಲೇಬೇಕು ಎಂದೆ. ಮಗುವನ್ನು ಮೈಸೂರಿಗೆ ಕರೆದೊಯ್ದಾಗ ಜೊತೆಗೆ ನಾನೂ ಹೋಗಿದ್ದೆ. ಅದೇ ಕೋಣೆ, ಅದೇ ಪೆನ್ನು.

ನಮ್ಮಲ್ಲಿ ಮೇ ತಿಂಗಳ ಕೊನೆಗೆ ಮಳೆಗಾಲದ ಪಟ್ಟಿ ಬರೆಯುವ ರೂಢಿ. ಅತ್ತೆ ಜಗುಲಿಯಲ್ಲಿ ಕೂತು ಹೇಳುತ್ತಾರೆ, ನಾನು ಬರೆಯುತ್ತೇನೆ. ಈ ಸಲವೂ ಹಾಗೇ ಕೂತೆವು. ಅಕ್ಕಿ ಎರಡು ಮೂಟೆ. ಹುರುಳಿ, ಒಣಮೀನು, ಉಪ್ಪು, ಬೆಲ್ಲ. ಬೆಂಕಿಪೊಟ್ಟಣ ಒಂದು ಕಟ್ಟು. ದನಕ್ಕೆ ಹಿಂಡಿ. ಟಾರ್ಚಿಗೆ ಸೆಲ್ಲು. "ನಿನ್ ಗುಳಿಗೆ ಮೂರ್ ತಿಂಗಳಿಗಾಗೋವಷ್ಟು" ಎಂದರು, ಸೆಲ್ಲಿಗೂ ಸೀಮೆಎಣ್ಣೆಗೂ ನಡುವೆ, ದನಿ ಬದಲಿಸದೆ. ಬರೆದುಕೊಂಡೆ. "ಆ ಸೂಜಿ ಮದ್ದಿನ ತಾರೀಕು ನೋಡ್ದೆಯಾ?" ಎಂದು ಕೇಳಿದರು. ಎದ್ದು ಹೋಗಿ ಡಬ್ಬಿ ತೆಗೆದು ನೋಡಿದೆ. ಆಗಸ್ಟಿಗೆ ಮುಗಿಯುತ್ತಿತ್ತು. ಅದನ್ನೂ ಸೇರಿಸಿದೆ.